ಒಂದು ಹಳ್ಳ, ನಾಲ್ಕು ಸೆಮಿಸ್ಟರ್: ಜಲಸಂಪನ್ಮೂಲ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವೃತ್ತಿ ತಯಾರಿಯ ಸಮಗ್ರ ಮಾರ್ಗದರ್ಶಿ

ನಮ್ಮಲ್ಲಿಗೆ ಕೆಲಸ ಕೇಳಿಕೊಂಡು ಬರುವ ಜಲಸಂಪನ್ಮೂಲ ಎಂ.ಟೆಕ್. ಪದವೀಧರರ ಬಯೋಡೇಟಾಗಳು ಒಂದೇ ಅಚ್ಚಿನಿಂದ ಇಳಿದಂತಿರುತ್ತವೆ. ಎಂಟು ತಂತ್ರಾಂಶಗಳ ಹೆಸರು, ಹತ್ತು ಆನ್‌ಲೈನ್ ಕೋರ್ಸ್‌ಗಳ ಪ್ರಮಾಣಪತ್ರ, ಮೂರು ಕಾರ್ಯಾಗಾರ. ಎದುರಿಗೆ ಕೂರಿಸಿಕೊಂಡು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಹರಿಯುವ ನೀರನ್ನು ಕೊನೆಯ ಸಲ ಅಳೆದದ್ದು ಯಾವಾಗ, ಎಲ್ಲಿ?" ಬಹುಪಾಲು ಮಂದಿ ಹೇಳುವುದು, "ಬಿ.ಇ. ಓದುವಾಗ ಲ್ಯಾಬಿನಲ್ಲಿ, ಸರ್." ಅದೂ ಎಷ್ಟೋ ಸಲ ಪಕ್ಕದವನ ರೆಕಾರ್ಡ್ ನೋಡಿ ಬರೆದುಕೊಂಡ ರೀಡಿಂಗ್.

ಅವರನ್ನು ಹಳಿಯುವ ಹಕ್ಕು ನನಗಿಲ್ಲ. ನಾನೂ ಹಾಗೆಯೇ ಓದಿ ಹೊರಬಿದ್ದವನು. ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ಒಂದು ನಾಲೆಯ ದಂಡೆಯ ಮೇಲೆ ನಿಂತು, ಇದರಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ಹಿರಿಯ ಎಂಜಿನಿಯರ್ ಕೇಳಿದಾಗ ಬಾಯಿ ಬರಲಿಲ್ಲ. ಪಕ್ಕದಲ್ಲಿದ್ದ ಸೌಡಿ, ನಾಲೆಯ ನೀರು ಬಿಡುವ ಕೆಲಸದವನು, ಶಾಲೆಯನ್ನು ಐದನೇ ತರಗತಿಗೇ ಬಿಟ್ಟಿದ್ದವನು, ನೀರನ್ನು ಒಮ್ಮೆ ನೋಡಿ "ಮೂವತ್ತು ಕ್ಯೂಸೆಕ್ ಇರಬಹುದು" ಎಂದ. ಅಳೆದಾಗ ಇಪ್ಪತ್ತೆಂಟು ಬಂತು. (ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು.)

ಆದ್ದರಿಂದ ನಾನು ಕಿರಿಯರಿಗೆ ಕೊಡುವ ಸಲಹೆ ಇಷ್ಟು: ಓದುವ ಎರಡು ವರ್ಷಗಳ ಮಟ್ಟಿಗೆ ಒಂದು ಹಳ್ಳವನ್ನೋ ಒಂದು ಕೆರೆಯನ್ನೋ ನಿಮ್ಮದಾಗಿಸಿಕೊಳ್ಳಿ. ಕಲಿಯುವ ತಂತ್ರಾಂಶ, ಮಾಡುವ ಇಂಟರ್ನ್‌ಶಿಪ್, ಹೋಗುವ ಸಮ್ಮೇಳನ, ಬರೆಯುವ ಲೇಖನ ಎಲ್ಲವನ್ನೂ ಅದೇ ಗೂಟಕ್ಕೆ ಕಟ್ಟಿ. ಕೆಳಗಿನ ಹೆಜ್ಜೆಗಳು ಕರ್ನಾಟಕದಲ್ಲಿ ಓದುವ ಎಂ.ಟೆಕ್. ಮತ್ತು ಎಂ.ಎಸ್ಸಿ. ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಪಿಎಚ್.ಡಿ. ಮಾಡುವವರಿಗೆ ಸಮಯ ಹೆಚ್ಚಿದೆ. ಅವರು ಎರಡು ಹಳ್ಳ ಇಟ್ಟುಕೊಳ್ಳಲಿ.

ಹೆಜ್ಜೆ 1: ಸೇರಿದ ಮೊದಲ ವಾರಗಳಲ್ಲೇ ಹಳ್ಳ ಆರಿಸಿಕೊಳ್ಳಿ

ಇಲ್ಲಿ ಅವಸರ ಬೇಕು, ಅದಕ್ಕೆ ಕಾರಣ ಪಂಚಾಂಗ. ತರಗತಿಗಳು ಶುರುವಾಗುವುದು ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ. ಕರಾವಳಿ, ಮಲೆನಾಡುಗಳಲ್ಲಿ ಆ ಹೊತ್ತಿಗೆ ಮುಂಗಾರಿನ ಅಬ್ಬರ ಮುಗಿಯುತ್ತ ಬಂದಿರುತ್ತದೆ. ಮೊದಲ ವರ್ಷದಲ್ಲಿ ನಿಮಗೆ ಸಿಗುವುದು ಮಳೆಗಾಲದ ಬಾಲ ಮಾತ್ರ. ಪೂರ್ತಿ ಮಳೆಗಾಲ ಸಿಗುವುದು ಒಂದೇ ಸಲ, ಎರಡನೆಯ ಮತ್ತು ಮೂರನೆಯ ಸೆಮಿಸ್ಟರ್‌ಗಳ ನಡುವೆ. ಪ್ರಬಂಧದ ವಿಷಯವನ್ನು ಮೂರನೇ ಸೆಮಿಸ್ಟರ್‌ನಲ್ಲಿ ನೋಡಿಕೊಂಡರಾಯಿತು ಎಂದು ಕುಳಿತವರು ಆ ಒಂದು ಮಳೆಗಾಲವನ್ನೂ ಕಳೆದುಕೊಳ್ಳುತ್ತಾರೆ. ಬೆಂಗಳೂರು, ಕೋಲಾರ, ತುಮಕೂರು ಕಡೆಯವರಿಗೆ ಕೊಂಚ ಅನುಕೂಲವಿದೆ, ಏಕೆಂದರೆ ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲೇ ಮಳೆ ಜೋರು.

ಆರಿಸುವಾಗ ನೋಡಬೇಕಾದದ್ದು ಹೆಚ್ಚೇನಿಲ್ಲ. ಹಾಸ್ಟೆಲಿನಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲುಪುವಂತಿರಬೇಕು. ಇಲ್ಲವಾದರೆ ಮೂರನೆಯ ವಾರಕ್ಕೆ ಉತ್ಸಾಹ ಇಳಿಯುತ್ತದೆ. ದಾಟಲು ಒಂದು ಚಿಕ್ಕ ಸೇತುವೆಯೋ ಮೋರಿಯೋ ಇರಬೇಕು. ಜಲಾನಯನ, ಅಂದರೆ ಮಳೆನೀರು ಹರಿದು ಆ ಹಳ್ಳಕ್ಕೆ ಸೇರುವ ಪ್ರದೇಶ, 10ರಿಂದ 50 ಚದರ ಕಿಲೋಮೀಟರ್ ಇದ್ದರೆ ಸಾಕು. ಧಾರವಾಡದವರು ಬೆಣ್ಣಿಹಳ್ಳದ ಒಂದು ಕವಲನ್ನು, ಬೆಳಗಾವಿಯವರು ಮಾರ್ಕಂಡೇಯ ನದಿಗೆ ಸೇರುವ ಒಂದು ತೊರೆಯನ್ನು, ಸುರತ್ಕಲ್ಲಿನವರು ಗುರುಪುರ ನದಿಯ ಕಡೆಗೆ ಇಳಿಯುವ ಯಾವುದಾದರೂ ತೋಡನ್ನು ನೋಡಬಹುದು. ಬಯಲುಸೀಮೆಯ ಹಳ್ಳಗಳು ವರ್ಷದಲ್ಲಿ ಕೆಲವೇ ದಿನ ಹರಿಯುವುದರಿಂದ ಅಲ್ಲಿ ಕೆರೆಯೇ ವಾಸಿ: ಏರಿ, ತೂಬು, ಕೋಡಿ ಮೂರೂ ಸರಿಯಿರುವ ಒಂದು ಕೆರೆ. ಕೋಲಾರ ಜಿಲ್ಲೆಯವರಿಗೆ ಇನ್ನೊಂದು ಅವಕಾಶವಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಮಳೆಯಿಲ್ಲದ ತಿಂಗಳಲ್ಲೂ ಒಳಹರಿವು ಇರುವ ಕೆರೆ ಬಯಲುಸೀಮೆಯಲ್ಲಿ ಇನ್ನೆಲ್ಲಿ ಸಿಗುತ್ತದೆ?

ಹೆಜ್ಜೆ 2: ಕಿತ್ತಳೆ ಹಣ್ಣು, ಟೇಪು, ಮೊಬೈಲಿನ ಸ್ಟಾಪ್‌ವಾಚ್

ನೀರಿನ ವೇಗ ಅಳೆಯುವ ಕರೆಂಟ್ ಮೀಟರ್ ಇಲ್ಲವೆಂದು ಕೈಕಟ್ಟಿ ಕೂರಬೇಡಿ. ವಿಭಾಗದ ಬೀರುವಿನಲ್ಲಿ ಒಂದು ಇದ್ದೇ ಇರುತ್ತದೆ, ಕೀಲಿಕೈ ಸಿಗಲು ಒಂದು ಸೆಮಿಸ್ಟರ್ ಬೇಕಾಗಬಹುದು. ಅಲ್ಲಿಯವರೆಗೆ ಹಣ್ಣಿನ ಅಂಗಡಿ ಸಾಕು. ಕಿತ್ತಳೆ ಹಣ್ಣು ನೀರಿನಲ್ಲಿ ಬಹುಪಾಲು ಮುಳುಗಿಯೇ ತೇಲುತ್ತದೆ, ಗಾಳಿಗೆ ಸಿಕ್ಕಿ ಅತ್ತಿತ್ತ ಹೋಗುವುದಿಲ್ಲ, ಬಣ್ಣದಿಂದ ದೂರಕ್ಕೂ ಕಾಣುತ್ತದೆ.

ಹಳ್ಳ ನೇರವಾಗಿ ಹರಿಯುವ ಒಂದು ಭಾಗ ಹುಡುಕಿ, 10 ಮೀಟರ್ ಅಳೆದು ಎರಡು ಕಡೆ ಕೋಲು ನೆಡಿ. ಮೇಲಿನ ಕೋಲಿಗಿಂತ ಸ್ವಲ್ಪ ಮೇಲೆಯೇ ಹಣ್ಣು ಬಿಟ್ಟು, ಕೋಲಿನಿಂದ ಕೋಲಿಗೆ ಎಷ್ಟು ಸೆಕೆಂಡ್ ಎಂದು ನೋಡಿ. ಮಧ್ಯದಲ್ಲಿ, ಎಡಕ್ಕೆ, ಬಲಕ್ಕೆ ಎಂದು ಐದಾರು ಸಲ ಬಿಡಿ. ಸರಾಸರಿ 20 ಸೆಕೆಂಡ್ ಬಂತೆನ್ನಿ. ಮೇಲ್ಮೈ ವೇಗ ಸೆಕೆಂಡಿಗೆ 0.5 ಮೀಟರ್. ತಳದ ನೀರು ಮೇಲಿನದಕ್ಕಿಂತ ನಿಧಾನವಾಗಿ ಹೋಗುವುದರಿಂದ ಇದನ್ನು 0.85ರಿಂದ ಗುಣಿಸಿ: 0.425.

ಈಗ ಅಡ್ಡಕೊಯ್ತ. ಹಳ್ಳ 4 ಮೀಟರ್ ಅಗಲವಿದೆ, ಮೀಟರಿಗೊಂದರಂತೆ ಆಳ ನೋಡಿದಾಗ 0.25, 0.40, 0.30 ಮೀಟರ್ ಬಂದಿದೆ ಎಂದುಕೊಳ್ಳಿ. ಎರಡು ದಡಗಳಲ್ಲಿ ಸೊನ್ನೆ. ನಾಲ್ಕು ಪಟ್ಟಿಗಳ ವಿಸ್ತೀರ್ಣ ಕೂಡಿದರೆ 0.95 ಚದರ ಮೀಟರ್. ಅದನ್ನು ವೇಗದಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 0.40 ಘನ ಮೀಟರ್, ಅಂದರೆ 14 ಕ್ಯೂಸೆಕ್. ದಿನವಿಡೀ ಹೀಗೆಯೇ ಹರಿದರೆ 35,000 ಘನ ಮೀಟರ್. ಈ ವೇಗದಲ್ಲಿ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ತುಂಬಲು ನಿಮ್ಮ ಹಳ್ಳ 800 ದಿನಕ್ಕೂ ಮಿಕ್ಕಿ ಹರಿಯಬೇಕು. ಪತ್ರಿಕೆಯಲ್ಲಿ ದಿನವೂ ಓದುವ ಟಿಎಂಸಿ ಎಂಬುದು ಎಷ್ಟು ದೊಡ್ಡ ಅಳತೆ ಎಂದು ನನಗೆ ಮೈಮುಟ್ಟಿದ್ದು ಇಂಥದೊಂದು ಲೆಕ್ಕ ಹಾಕಿದ ದಿನ.

ಸೇತುವೆಯ ಕಂಬದ ಮೇಲೆ 10 ಸೆಂಟಿಮೀಟರಿಗೊಂದು ಗೀಟಿನಂತೆ ಮಟ್ಟದ ಗುರುತು ಬಳಿಯಿರಿ. ಸೇತುವೆ ಯಾರದೋ ಅವರ ಒಪ್ಪಿಗೆ ಮೊದಲು ಬೇಕು. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಬೇರೆ ಬೇರೆ ಮಟ್ಟಗಳಲ್ಲಿ ಹದಿನೈದಿಪ್ಪತ್ತು ಸಲ ಹರಿವು ಅಳೆದರೆ ನಿಮ್ಮ ಕೈಯಲ್ಲಿ ಒಂದು ರೇಟಿಂಗ್ ಕರ್ವ್ ಇರುತ್ತದೆ. ಆಮೇಲೆ ಮಟ್ಟ ನೋಡಿದರೆ ಹರಿವು ತಿಳಿಯುತ್ತದೆ. ಸೇತುವೆ ಪಕ್ಕದ ಚಹಾ ಅಂಗಡಿಯವರಿಗೆ ಒಂದು ಡೈರಿ ಕೊಟ್ಟು, ಬೆಳಿಗ್ಗೆ ಸಂಜೆ ಗೀಟು ನೋಡಿ ಬರೆಯಲು ಕೇಳಿಕೊಳ್ಳಿ, ತಿಂಗಳಿಗಿಷ್ಟು ಎಂದು ಹಣ ಕೊಡಿ. ಗೇಟ್ ಪರೀಕ್ಷೆಯ ಅರ್ಹತೆಯಿಂದ ಸೇರಿದವರಿಗೆ ಬರುವ ಸ್ನಾತಕೋತ್ತರ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ. ಅದರಲ್ಲಿ ಐನೂರು ತೆಗೆದಿಟ್ಟರೆ ಸಿನಿಮಾ ಒಂದೆರಡು ಕಡಿಮೆಯಾದೀತು, ಅಷ್ಟೆ.

ಸುರಕ್ಷತೆಯ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಒಬ್ಬರೇ ಹೋಗಬೇಡಿ. ಮೊಣಕಾಲಿಗಿಂತ ಮೇಲೆ ನೀರು ಓಡುತ್ತಿದ್ದರೆ ಇಳಿಯಲೇಬೇಡಿ, ಸೇತುವೆಯ ಮೇಲಿಂದ ಹಣ್ಣು ಬಿಟ್ಟು ನೋಡಿ. ನೀರು ಕೆಂಪಾಗಿ ಕಸಕಡ್ಡಿ ಹೊತ್ತು ಬರತೊಡಗಿದರೆ ಮೇಲೆ ಮಳೆಯಾಗಿದೆ ಎಂದರ್ಥ, ದಡ ಹತ್ತಿ. ಕಾಲಿನಲ್ಲಿ ಗಾಯವಿದ್ದರೆ ಆ ವಾರ ರಜೆ ಹಾಕಿ. ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರ ಹುಡುಗಾಟಿಕೆಯಲ್ಲ.

ಹೆಜ್ಜೆ 3: ಸರ್ಕಾರದ ಅಂಕಿ ಇಳಿಸಿಕೊಳ್ಳುವ ಮೊದಲು ಗಡಿಯಾರ ನೋಡಿ

ನಿಮ್ಮ ಅಳತೆ ಒಂದು ಕಡೆ, ಹೊರಗಿನ ದತ್ತಾಂಶ ಇನ್ನೊಂದು ಕಡೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಇಟ್ಟಿದೆ, ಅವು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಇಷ್ಟು ದಟ್ಟವಾದ ಜಾಲವಿರುವ ರಾಜ್ಯದಲ್ಲಿ ಓದುತ್ತಿರುವುದು ನಿಮ್ಮ ಅದೃಷ್ಟ. ಭಾರತೀಯ ಹವಾಮಾನ ಇಲಾಖೆಯ 0.25 ಡಿಗ್ರಿ ಚೌಕಗಳ ದೈನಿಕ ಮಳೆ 1901ರಿಂದ ಉಚಿತವಾಗಿ ಸಿಗುತ್ತದೆ. ಆದರೆ ಆ ಚೌಕದ ಒಂದು ಬದಿಯೇ ಸುಮಾರು 27 ಕಿಲೋಮೀಟರ್. ನಿಮ್ಮ ಹಳ್ಳದಂಥ ಹತ್ತಾರು ಹಳ್ಳಗಳು ಅದರೊಳಗೆ ಅಡಗಿರುತ್ತವೆ. ನೂರು ವರ್ಷದ ಸ್ವಭಾವ ತಿಳಿಯಲು ಅದು ಸರಿ, ನಿನ್ನೆ ಸಂಜೆಯ ಪ್ರವಾಹಕ್ಕೆ ಸಾಲದು. ನದಿಗಳ ಹರಿವು ಕೇಂದ್ರ ಸರ್ಕಾರದ ಜಲಮಾಹಿತಿ ತಾಣವಾದ ಇಂಡಿಯಾ-ಡಬ್ಲ್ಯುಆರ್‌ಐಎಸ್‌ನಲ್ಲಿದೆ. ಕೃಷ್ಣಾ, ಕಾವೇರಿ ಕೊಳ್ಳಗಳ ಅಂಕಿಗಳು ಸಿಗುತ್ತವೆ. ಗಂಗಾ, ಬ್ರಹ್ಮಪುತ್ರ, ಸಿಂಧೂ ಕೊಳ್ಳಗಳದ್ದಕ್ಕೆ ನಿರ್ಬಂಧವಿದೆ. ಉತ್ತರದ ಗೆಳೆಯರು ಅನುಭವಿಸುವ ಈ ತಾಪತ್ರಯ ನಮಗಿಲ್ಲ.

ಇಲ್ಲಿ ನಾನು ಬಿದ್ದ ಒಂದು ಗುಂಡಿಯನ್ನು ತೋರಿಸುತ್ತೇನೆ. ಕೆಲಸಕ್ಕೆ ಸೇರಿದ ಮೇಲೆ ಬರೆದ ಒಂದು ಪ್ರಬಂಧದ ಮೊದಲ ಕರಡಿನಲ್ಲಿ, ಒಂದೆರಡು ಕಡೆ ಮಳೆಗಿಂತ ಮೊದಲೇ ಪ್ರವಾಹ ಬಂದಿತ್ತು. ಹದಿನೈದು ದಿನ, ಮಳೆಯಿಂದ ಹರಿವನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿಯನ್ನು ತಿದ್ದಿದೆ, ಗುಣಾಂಕಗಳನ್ನು ಹಿಂದೆ ಮುಂದೆ ಮಾಡಿದೆ. ತಪ್ಪು ಅಲ್ಲಿರಲಿಲ್ಲ. ನಮ್ಮಲ್ಲಿ ಜುಲೈ 5ರ ಮಳೆ ಎಂದು ದಾಖಲಾಗುವುದು ಜುಲೈ 4ರ ಬೆಳಿಗ್ಗೆ 8.30ರಿಂದ 5ರ ಬೆಳಿಗ್ಗೆ 8.30ರವರೆಗೆ ಬಿದ್ದ ಮಳೆ. ಉಪಗ್ರಹದಿಂದ ಬರುವ ಐಎಂಇಆರ್‌ಜಿ ದೈನಿಕ ಮಳೆಯ ಅಂಕಿಯ ದಿನ ಶುರುವಾಗುವುದು ಗ್ರೀನಿಚ್ ಮಧ್ಯರಾತ್ರಿಗೆ, ನಮ್ಮ ಬೆಳಿಗ್ಗೆ 5.30ಕ್ಕೆ. ನಾನು ಹಳ್ಳದ ಮಟ್ಟ ಬರೆದುಕೊಂಡಿದ್ದು ನಡುರಾತ್ರಿಯಿಂದ ನಡುರಾತ್ರಿಗೆ ದಿನ ಎಣಿಸಿ. ಮೂರು ಗಡಿಯಾರ, ಒಂದೇ ಕೋಷ್ಟಕ. ಅಂದಿನಿಂದ ಯಾವ ಕಡತ ಇಳಿಸಿಕೊಂಡರೂ ಪಕ್ಕದಲ್ಲಿ ಒಂದು ಚಿಕ್ಕ ಟಿಪ್ಪಣಿ ಕಡತ ಇಡುತ್ತೇನೆ: ಎಲ್ಲಿಂದ, ಯಾವ ದಿನ ಇಳಿಸಿದ್ದು, ದಿನ ಎಷ್ಟು ಹೊತ್ತಿಗೆ ಶುರು, ಏಕಮಾನ ಯಾವುದು, ಬಿಟ್ಟುಹೋದ ಅಂಕಿಗೆ ಏನು ಬರೆದಿದ್ದಾರೆ. ಕೆಲವು ಕಡತಗಳಲ್ಲಿ ಅಂಕಿ ಇಲ್ಲದ ಕಡೆ −999 ಎಂದಿರುತ್ತದೆ. ಅದನ್ನು ಗಮನಿಸದೆ ಸರಾಸರಿ ತೆಗೆದು, ಋಣಾತ್ಮಕ ಮಳೆಯನ್ನು ಪರದೆಯ ಮೇಲೆ ತೋರಿಸಿದವರನ್ನೂ ಕಂಡಿದ್ದೇನೆ.

ಹೆಜ್ಜೆ 4: ಕಚೇರಿಯ ಮೆಟ್ಟಿಲು ಹತ್ತಿ, ಕನ್ನಡದಲ್ಲಿ ಅರ್ಜಿ ಕೊಡಿ

ಇಂಟರ್‌ನೆಟ್‌ನಲ್ಲಿ ಸಿಗದ ಮಾಹಿತಿ ಉಪವಿಭಾಗದ ಕಚೇರಿಯ ಕಪಾಟಿನಲ್ಲಿರುತ್ತದೆ. ಯಾವ ಕಚೇರಿ ಎಂದು ಮೊದಲು ತಿಳಿದುಕೊಳ್ಳಿ. ಅಚ್ಚುಕಟ್ಟು, ಅಂದರೆ ನೀರುಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆಯಿರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಕೈಯಲ್ಲಿವೆ. 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಯವು. ತಪ್ಪು ಬಾಗಿಲು ತಟ್ಟಿದರೆ ಎರಡು ವಾರ ಹೋಗುತ್ತದೆ.

ಇಂಗ್ಲಿಷಿನ ಉದ್ದುದ್ದ ಇ-ಮೇಲ್‌ಗೆ ಉತ್ತರ ಬರಲಿಲ್ಲವೆಂದು ಗೊಣಗುವ ವಿದ್ಯಾರ್ಥಿಗಳಿಗೆ ನಾನು ಕೊಡುವ ಕರಡು ಇದು:

"ಗೆ,
ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರು,
ಸಣ್ಣ ನೀರಾವರಿ ಮತ್ತು ಅಂತರ್ಜಲ ಅಭಿವೃದ್ಧಿ ಇಲಾಖೆ, … ಉಪವಿಭಾಗ.

ಮಾನ್ಯರೇ,
ವಿಷಯ: ಅಧ್ಯಯನದ ಉದ್ದೇಶಕ್ಕಾಗಿ … ಕೆರೆಯ ವಿವರಗಳನ್ನು ಒದಗಿಸುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಾನು … ಕಾಲೇಜಿನಲ್ಲಿ ಜಲಸಂಪನ್ಮೂಲ ವಿಷಯದ ಎಂ.ಟೆಕ್. ವಿದ್ಯಾರ್ಥಿಯಾಗಿದ್ದು, ಸದರಿ ಕೆರೆಯ ಜಲಾನಯನ ಪ್ರದೇಶದ ಬಗ್ಗೆ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಕೆರೆಯ ಸಾಮರ್ಥ್ಯ ಮತ್ತು ಅಚ್ಚುಕಟ್ಟು ವಿಸ್ತೀರ್ಣ, ಕೋಡಿಯ ಉದ್ದ, ತೂಬುಗಳ ಸಂಖ್ಯೆ ಹಾಗೂ ಕಳೆದ ಐದು ವರ್ಷಗಳ ನೀರಿನ ಮಟ್ಟದ ವಿವರಗಳು ಲಭ್ಯವಿದ್ದಲ್ಲಿ ಒದಗಿಸಬೇಕೆಂದು ಕೋರುತ್ತೇನೆ. ಮಾಹಿತಿಯನ್ನು ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ ಬಳಸಿ, ವರದಿಯ ಒಂದು ಪ್ರತಿಯನ್ನು ತಮ್ಮ ಕಚೇರಿಗೆ ಸಲ್ಲಿಸುತ್ತೇನೆ.
ತಮ್ಮ ವಿಶ್ವಾಸಿ, …"

ವಿಭಾಗದ ಮುಖ್ಯಸ್ಥರ ಶಿಫಾರಸು ಪತ್ರ ಲಗತ್ತಿಸಿ, ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಸಾಹೇಬರನ್ನು ಕಂಡು ಬಂದರೆ ಮುಗಿಯಲಿಲ್ಲ. ಕಡತ ಯಾವ ವಿಷಯ ನಿರ್ವಾಹಕರ ಮೇಜಿಗೆ ಹೋಯಿತೆಂದು ಕೇಳಿ, ಅವರಿಗೂ ನಮಸ್ಕಾರ ಹೇಳಿ. ಸೋಮವಾರ ಹೋಗಬೇಡಿ. ಅರ್ಜಿಯ ಕೊನೆಯಲ್ಲಿ ಕೊಡುತ್ತೇನೆಂದ ಪ್ರತಿಯನ್ನು ನಿಜವಾಗಿಯೂ ಕೊಡಿ. ನಿಮಗಿಂತ ಮೊದಲು ಬಂದವರು ಕೊಡದೆ ಹೋದದ್ದರಿಂದಲೇ ನಿಮಗೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿರುವುದು.

ಒಳಗೆ ಹೋದ ಮೇಲೆ ಅವರ ಏಕಮಾನದಲ್ಲಿ ಮಾತನಾಡಿ. ನೀವು ಓದಿದ್ದು ಕ್ಯೂಮೆಕ್ (ಸೆಕೆಂಡಿಗೆ ಒಂದು ಘನ ಮೀಟರ್), ಮಿಲಿಯನ್ ಘನ ಮೀಟರ್. ಅವರದು ಕ್ಯೂಸೆಕ್, ಟಿಎಂಸಿ, ಅಡಿ. ಕೆಆರ್‌ಎಸ್‌ನ ಪೂರ್ಣಮಟ್ಟ ಮಂಡ್ಯದ ರೈತನ ಬಾಯಲ್ಲೂ 124.80 ಅಡಿಯೇ ಹೊರತು ಮೀಟರಿನಲ್ಲಿಲ್ಲ. ಮೂರು ಅಂಕಿ ಬಾಯಿಪಾಠವಿರಲಿ: ಒಂದು ಕ್ಯೂಮೆಕ್‌ಗೆ 35.3 ಕ್ಯೂಸೆಕ್, ಒಂದು ಟಿಎಂಸಿಗೆ 28.3 ಮಿಲಿಯನ್ ಘನ ಮೀಟರ್. 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ಕಾವೇರಿ ವಿವಾದದ ಸುದ್ದಿಯನ್ನು ಈ ಮೂರನೇ ಅಂಕಿ ಇಟ್ಟುಕೊಂಡು ಓದಿ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಹೆಚ್ಚಾದ 14.75 ಟಿಎಂಸಿಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ತಮಿಳುನಾಡಿನ ಗಡಿಯಲ್ಲಿ ಕಾವೇರಿಯ ಹರಿವು ಅಳೆಯುವ ಬಿಳಿಗುಂಡ್ಲುವಿನಲ್ಲಿ ಇಷ್ಟು ಸಾವಿರ ಕ್ಯೂಸೆಕ್, ಇಷ್ಟು ದಿನ ಎಂದು ಆದೇಶ ಬಂದಾಗ ಅದು ಎಷ್ಟು ಟಿಎಂಸಿ ಎಂದು ಕ್ಯಾಲ್ಕುಲೇಟರ್ ಇಲ್ಲದೆ ಹೇಳಬಲ್ಲವರಾದರೆ ಎಂಜಿನಿಯರುಗಳು ನಿಮ್ಮ ಜೊತೆ ಚಹಾ ಕುಡಿಯುತ್ತಾರೆ.

ಹೆಜ್ಜೆ 5: ಊರಿನವರ ಅಳತೆ ಕಲಿಯಿರಿ

ಅಂತರ್ಜಲದ ಸಮೀಕ್ಷೆಗೆ ಹೋದ ವಿದ್ಯಾರ್ಥಿಯೊಬ್ಬ ರೈತರನ್ನು "ನಿಮ್ಮ ಕೊಳವೆಬಾವಿಯ ಇಳುವರಿ ಗಂಟೆಗೆ ಎಷ್ಟು ಲೀಟರ್?" ಎಂದು ಕೇಳಿ, ಅರವತ್ತು ಪ್ರಶ್ನಾವಳಿಗಳಲ್ಲಿ ಅರವತ್ತರಲ್ಲೂ ಗೊತ್ತಿಲ್ಲ ಎಂದು ತುಂಬಿಕೊಂಡು ಬಂದಿದ್ದ. ಅವರಿಗೆ ಚೆನ್ನಾಗಿ ಗೊತ್ತಿತ್ತು, ಪ್ರಶ್ನೆ ತಪ್ಪಾಗಿತ್ತು. ಕೇಳಬೇಕಾದದ್ದು "ಬೋರು ಎಷ್ಟು ಅಡಿ, ಎಷ್ಟು ಇಂಚು ನೀರು?" ಎಂದು.

ಈ ಇಂಚು ಪೈಪಿನ ಇಂಚಲ್ಲ. ಬೋರು ಕೊರೆದ ದಿನ ನೀರನ್ನು 90 ಡಿಗ್ರಿಯ ವಿ-ನಾಚ್ (ತಗಡಿನಲ್ಲಿ ಕೊರೆದ ವಿ ಆಕಾರದ ಕಚ್ಚು) ಮೂಲಕ ಹಾಯಿಸಿ, ನಾಚಿನ ಕೆಳತುದಿಯಿಂದ ನೀರು ಎಷ್ಟು ಇಂಚು ಎತ್ತರ ನಿಂತಿದೆ ಎಂದು ನೋಡುತ್ತಾರೆ. ಹರಿವು ಆ ಎತ್ತರದ ಎರಡೂವರೆ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಎರಡು ಇಂಚು ಎಂದರೆ ಸೆಕೆಂಡಿಗೆ ಸುಮಾರು 0.8 ಲೀಟರ್, ನಾಲ್ಕು ಇಂಚು ಎಂದರೆ ಅದರ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು, 4.5 ಲೀಟರ್. "ನಾಲ್ಕು ಇಂಚು ಇತ್ತು, ಈಗ ಎರಡಕ್ಕೆ ಇಳಿದಿದೆ" ಎಂದು ರೈತ ಹೇಳಿದಾಗ ಅರ್ಧವಾಯಿತು ಎಂದು ಬರೆದುಕೊಂಡು ಬರುವವನು ಆತನ ಕಷ್ಟವನ್ನೇ ಕಡಿಮೆ ಅಳೆದಂತೆ.

ಕೆರೆಯಾದರೆ ಅದರ ನೀರು ಹಂಚುವ ನೀರುಗಂಟಿಯನ್ನು ಹುಡುಕಿ. ಎಷ್ಟೋ ಊರುಗಳಲ್ಲಿ ಆ ಕೆಲಸ ನಿಂತುಹೋಗಿದೆ, ಆದರೆ ಮಾಡುತ್ತಿದ್ದ ಅಜ್ಜನೋ ಅವನ ಮಗನೋ ಇರುತ್ತಾರೆ. ಕೋಡಿ ಕೊನೆಯ ಸಲ ಬಿದ್ದದ್ದು ಯಾವ ವರ್ಷ, ಯಾವ ತೂಬಿನ ನೀರು ಯಾರ ಗದ್ದೆಯವರೆಗೆ ಹೋಗುತ್ತಿತ್ತು ಎಂಬುದು ಅವರ ತಲೆಯಲ್ಲಿದೆ. ಒಂದು ಕಾಗದದ ಮೇಲೆ ಅಚ್ಚುಕಟ್ಟಿನ ನಕ್ಷೆಯನ್ನು ಅವರ ಕೈಯಿಂದಲೇ ಗೀಚಿಸಿ. ಪಾವಗಡ, ಮಧುಗಿರಿ ಕಡೆ ಹೋದರೆ ತಲಪರಿಗೆ ಎಂಬ ನೀರಿನ ಒರತೆಗಳ ಬಗ್ಗೆ ಕೇಳಿ. ದಕ್ಷಿಣ ಕನ್ನಡದಲ್ಲಿ ಮದಕ (ಗುಡ್ಡದ ಕೆರೆ), ಕಟ್ಟ (ತೋಡಿಗೆ ಹಾಕುವ ತಾತ್ಕಾಲಿಕ ಒಡ್ಡು), ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ಇವುಗಳ ಬಗ್ಗೆ. ಅಜ್ಜಂದಿರನ್ನು ಮಾತನಾಡಿಸುವಾಗ ಪ್ರಶ್ನಾವಳಿಯನ್ನು ಚೀಲದಲ್ಲಿಟ್ಟುಬಿಡಿ, ಮನೆಗೆ ಬಂದು ತುಂಬಿಕೊಂಡರಾಯಿತು.

ಹೆಜ್ಜೆ 6: ಒಂದೇ ಒಂದು ಮಾದರಿ, ಅದೂ ನಿಮ್ಮ ಹಳ್ಳದ್ದು

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದಕ್ಕೆ ಮಾತ್ರ ಎಲ್ಲ ಕಡೆ ಕೋರ್ಸ್‌ಗಳಿವೆ. ನಕ್ಷೆಗೆ ಕ್ಯೂಜಿಐಎಸ್, ಲೆಕ್ಕಕ್ಕೆ ಪೈಥಾನ್ ಎಲ್ಲರಿಗೂ ಬೇಕು. ಅದರ ಮೇಲೆ ಒಂದನ್ನು ಆರಿಸಿಕೊಳ್ಳಿ: ಪ್ರವಾಹಕ್ಕೆ ಎಚ್‌ಇಸಿ-ಎಚ್‌ಎಂಎಸ್ ಮತ್ತು ಎಚ್‌ಇಸಿ-ರಾಸ್, ಕೃಷಿ ಜಲಾನಯನಕ್ಕೆ ಸ್ವಾಟ್, ಅಂತರ್ಜಲಕ್ಕೆ ಮಾಡ್‌ಫ್ಲೋ. ಎಲ್ಲವೂ ಉಚಿತ. ತಂತ್ರಾಂಶದ ಜೊತೆ ಬರುವ ಉದಾಹರಣೆಯನ್ನು ಓಡಿಸಿ ಬಯೋಡೇಟಾದಲ್ಲಿ ಬರೆದುಕೊಳ್ಳಬೇಡಿ. ನಿಮ್ಮ ಹಳ್ಳವನ್ನು ಅದರಲ್ಲಿ ಕೂರಿಸಿ, ನೀವೇ ಅಳೆದ ಅಂಕಿಗಳ ಎದುರು ನಿಲ್ಲಿಸಿ, ಎಲ್ಲಿ ಸೋತಿತು ಎಂದು ಎರಡು ಪುಟ ಬರೆಯಿರಿ. ಆ ಎರಡು ಪುಟವನ್ನೇ ನಾನು ಸಂದರ್ಶನದಲ್ಲಿ ಓದುವುದು.

ಹೆಜ್ಜೆ 7: ಇಂಟರ್ನ್‌ಶಿಪ್

ಬೇಸಿಗೆಯ ಎರಡು ತಿಂಗಳಿಗೆ ಜನವರಿಯಲ್ಲೇ ಬರೆಯತೊಡಗಿ. ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದು ಬೆಳಗಾವಿಯಲ್ಲೇ ಇದೆ, ಗಟ್ಟಿಶಿಲಾ ಪ್ರದೇಶದ ಜಲವಿಜ್ಞಾನ ಅದರ ಕ್ಷೇತ್ರ. ಅಣೆಕಟ್ಟು, ಕೋಡಿಗಳ ಭೌತಿಕ ಮಾದರಿಗಳನ್ನು ಕಣ್ಣಾರೆ ನೋಡಬೇಕೆಂದರೆ ಕೃಷ್ಣರಾಜಸಾಗರದ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ, ಇನ್ನೂ ದೊಡ್ಡ ಪ್ರಮಾಣದಲ್ಲಿ ಬೇಕೆಂದರೆ 1916ರಲ್ಲಿ ಶುರುವಾದ ಪುಣೆಯ ಖಡಕ್‌ವಾಸ್ಲಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ. ನೀರಾವರಿ ನಿರ್ವಹಣೆ, ನೀರು ಬಳಕೆದಾರರ ಸಂಘಗಳಲ್ಲಿ ಆಸಕ್ತಿಯಿದ್ದವರಿಗೆ ಧಾರವಾಡದ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ). ಸರ್ಕಾರದ ಹೊರಗೆ ಬೆಂಗಳೂರಿನಲ್ಲೇ ಏಟ್ರೀ, ವೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಗಳಿವೆ. ಅಲ್ಲಿ ಸಮಾಜಶಾಸ್ತ್ರ ಓದಿದವರ ಪಕ್ಕ ಕುಳಿತು ಕೆಲಸ ಮಾಡುವುದು ಎಂಜಿನಿಯರಿಂಗ್ ಹುಡುಗರಿಗೆ ಮೊದಮೊದಲು ಕಸಿವಿಸಿ, ಆಮೇಲೆ ಒಳ್ಳೆಯ ಔಷಧಿ.

ಪತ್ರದಲ್ಲಿ "ನಿಮ್ಮ ಘನ ಸಂಸ್ಥೆಯಲ್ಲಿ ಕಲಿಯುವ ಅವಕಾಶ ಕೊಡಿ" ಎಂದು ಬರೆದರೆ ಓದುವವರು ಮುಂದಿನ ಪತ್ರಕ್ಕೆ ಹೋಗುತ್ತಾರೆ. "ಇಂಥ ಹಳ್ಳದಲ್ಲಿ ಐದು ತಿಂಗಳು ಮಟ್ಟ ದಾಖಲಿಸಿದ್ದೇನೆ, ರೇಟಿಂಗ್ ಕರ್ವ್ ಲಗತ್ತಿಸಿದ್ದೇನೆ, ಕಡಿಮೆ ಹರಿವಿನಲ್ಲಿ ಅದು ಹೊಂದುತ್ತಿಲ್ಲ, ನಿಮ್ಮಲ್ಲಿ ಕರೆಂಟ್ ಮೀಟರ್ ಕೆಲಸ ಕಲಿತು ಸರಿಪಡಿಸಬೇಕೆಂದಿದ್ದೇನೆ" ಎಂದು ಬರೆದು ನೋಡಿ.

ಹೆಜ್ಜೆ 8: ಓದುವ ಗುಂಪು, ಸಮ್ಮೇಳನ, ಪ್ರಕಟಣೆ

ವಾರಕ್ಕೊಮ್ಮೆ ನಾಲ್ಕು ಜನ ಸೇರಿ, ಕಪ್ಪುಹಲಗೆಯಿರುವ ಕೋಣೆಯಲ್ಲಿ. ಸಂಶೋಧನಾ ಲೇಖನಗಳ ಜೊತೆ ಸುದ್ದಿಯನ್ನೂ ಎತ್ತಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ (ಕೋಡಿಯ ಮೇಲೆ ನೀರು ತಡೆಯುವ ಗೇಟುಗಳು) 19ನೆಯದು ಕೊಚ್ಚಿಹೋಯಿತು. ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯ ತುಂಬಿದ್ದಾಗ ಆ ಒಂದು ಕಿಂಡಿಯಿಂದ ಎಷ್ಟು ಕ್ಯೂಸೆಕ್ ಹೊರಹೋಗುತ್ತದೆ? ಒಡ್ಡಿನ ಮೇಲೆ ಹರಿಯುವ ನೀರಿನ ವಿಯರ್ ಸೂತ್ರ ಹಾಕಿ ಲೆಕ್ಕ ಮಾಡಿ, ಅಂದಿನ ಪತ್ರಿಕೆಗಳಲ್ಲಿ ಬಂದ ಅಂಕಿಯ ಪಕ್ಕದಲ್ಲಿಡಿ, ಹೊಂದದಿದ್ದರೆ ಏಕೆಂದು ಜಗಳವಾಡಿ. ಸುಮಾರು 132 ಟಿಎಂಸಿಗೆ ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ 105ರ ಆಸುಪಾಸು ಉಳಿದಿದೆ ಎಂಬುದೂ ಚರ್ಚೆಗೆ ಬರಲಿ. ಎರಡು ಗಂಟೆಯ ಈ ಜಗಳದಲ್ಲಿ ಕಲಿಯುವಷ್ಟು ಒಂದು ವಾರದ ಕಾರ್ಯಾಗಾರದಲ್ಲಿ ಕಲಿಯುವುದಿಲ್ಲ.

ಸಮ್ಮೇಳನಕ್ಕೆ ಮೊದಲ ಸಲ ಹೋಗುವವರಿಗೆ ಇಂಡಿಯನ್ ಸೊಸೈಟಿ ಫಾರ್ ಹೈಡ್ರಾಲಿಕ್ಸ್ ಪ್ರತಿವರ್ಷ ನಡೆಸುವ ಹೈಡ್ರೋ ಸಮ್ಮೇಳನ ಸೂಕ್ತ. ದೇಶದ ಬೇರೆ ಬೇರೆ ಸಂಸ್ಥೆಗಳಲ್ಲಿ ಸರದಿಯಂತೆ ನಡೆಯುತ್ತದೆ. ವಿದೇಶದ ದೊಡ್ಡವು ಎರಡು: ವಸಂತದಲ್ಲಿ ವಿಯೆನ್ನಾದಲ್ಲಿ ಯುರೋಪಿನ ಭೂವಿಜ್ಞಾನಿಗಳ ಒಕ್ಕೂಟದ (ಇಜಿಯು) ಸಮ್ಮೇಳನ, ಡಿಸೆಂಬರ್‌ನಲ್ಲಿ ಅಮೆರಿಕದ ಒಕ್ಕೂಟದ್ದು (ಎಜಿಯು). ಖರ್ಚು ಮೈಮೇಲೆ ಬರುತ್ತದೆ, ಪ್ರಯಾಣ ನೆರವಿಗೆ ಅರ್ಜಿ ಹಾಕದೆ ಹೊರಡಬೇಡಿ. ಭಾಷಣಕ್ಕಿಂತ ಪೋಸ್ಟರ್ ಕೇಳಿಕೊಳ್ಳಿ. ವೇದಿಕೆಯ ಮೇಲೆ ಹತ್ತು ನಿಮಿಷ ಮಾತನಾಡಿ ಇಳಿದರೆ ಒಂದು ಪ್ರಶ್ನೆ ಬರುತ್ತದೆ, ಅದೂ ಸಭಾಧ್ಯಕ್ಷರ ದಾಕ್ಷಿಣ್ಯಕ್ಕೆ. ಪೋಸ್ಟರಿನ ಪಕ್ಕ ಎರಡು ಗಂಟೆ ನಿಂತರೆ ನಿಮ್ಮ ಕೆಲಸದಲ್ಲಿ ನಿಜವಾಗಿ ಆಸಕ್ತಿಯಿರುವ ನಾಲ್ವರು ಸಿಗುತ್ತಾರೆ. ಪೋಸ್ಟರಿನ ನಡುವೆ ದೊಡ್ಡದಾಗಿ ಹಳ್ಳದ ಫೋಟೋ ಇರಲಿ. ಜನ ನೀರು ಕಂಡರೆ ನಿಲ್ಲುತ್ತಾರೆ, ಸಮೀಕರಣ ಕಂಡರೆ ಮುಂದೆ ಹೋಗುತ್ತಾರೆ.

ಪ್ರಕಟಣೆಯ ವಿಷಯದಲ್ಲಿ ಒಂದೇ ಎಚ್ಚರಿಕೆ. "ಮೂರು ದಿನದಲ್ಲಿ ಸ್ವೀಕೃತಿ, ಶುಲ್ಕ ಇಷ್ಟು" ಎಂದು ತಾನಾಗಿ ಬರುವ ಇ-ಮೇಲ್‌ಗಳನ್ನು ಅಳಿಸಿಹಾಕಿ. ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್, ಭಾರತೀಯ ವಿಜ್ಞಾನ ಅಕಾಡೆಮಿಯ ಭೂವ್ಯವಸ್ಥೆ ವಿಜ್ಞಾನದ ನಿಯತಕಾಲಿಕೆಗಳಿಗೆ ಕಳಿಸಿ ತಿರಸ್ಕೃತವಾದರೂ ಪರಿಶೀಲಕರ ಟಿಪ್ಪಣಿಗಳಾದರೂ ಕೈಗೆ ಸಿಗುತ್ತವೆ. ಹಣ ಕೊಟ್ಟು ಅಚ್ಚು ಹಾಕಿಸಿದ ಲೇಖನವನ್ನು ಬಯೋಡೇಟಾದಿಂದ ತೆಗೆಯುವುದು ಆಮೇಲೆ ಕಷ್ಟ.

ಹೆಜ್ಜೆ 9: ಪಂಚಾಯಿತಿಗೆ ಒಂದು ಪುಟ

ಮೂರನೆಯ ಸೆಮಿಸ್ಟರ್‌ನ ಕೊನೆಗೆ, ಕಂಡದ್ದನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ. "ಜಲಾನಯನದ ಹರಿವಿನ ಗುಣಾಂಕ 0.18" ಎಂದು ಬರೆದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ ಅರ್ಥವಾಗದು, ಅಧ್ಯಕ್ಷರಿಗೂ ಆಗದು. "ಬಿದ್ದ ಮಳೆಯ ನೂರು ಪಾಲಿನಲ್ಲಿ ಹದಿನೆಂಟು ಪಾಲು ಹಳ್ಳಕ್ಕೆ ಬರುತ್ತಿದೆ, ಸೇತುವೆಯ ಕಂಬದ ಎಂಟನೇ ಗೀಟು ಮುಟ್ಟಿದ ಮೇಲೆ ಒಂದು ಗಂಟೆಯೊಳಗೆ ಕೆಳಗಿನ ಕೇರಿಗೆ ನೀರು ನುಗ್ಗುತ್ತದೆ" ಎಂದು ಬರೆಯಿರಿ. ಗ್ರಾಮಸಭೆಯಲ್ಲಿ ಐದು ನಿಮಿಷ ಕೇಳಿ ಪಡೆದು ಓದಿ. ಮಾರ್ಗದರ್ಶಕರ ಎದುರು ಬಾರದ ಪ್ರಶ್ನೆಗಳು ಅಲ್ಲಿ ಬರುತ್ತವೆ. ನನಗೆ ಬಂದ ಮೊದಲ ಪ್ರಶ್ನೆ, "ಇದನ್ನೆಲ್ಲ ಅಳೆದಿರಲ್ಲ, ಹೂಳು ಯಾವಾಗ ತೆಗೆಸುತ್ತೀರಿ?"

ಹೆಜ್ಜೆ 10: ಪರೀಕ್ಷೆಗಳು

ಸರ್ಕಾರಿ ಕೆಲಸದ ದಾರಿ ಮೂರು. ಸಿವಿಲ್ ಓದಿದವರಿಗೆ ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವಾ ಪರೀಕ್ಷೆ. ಕೇಂದ್ರ ಜಲ ಆಯೋಗದ ಹುದ್ದೆಗಳು ಅದರಲ್ಲೇ ಬರುತ್ತವೆ. ಭೂವಿಜ್ಞಾನ ಓದಿದವರಿಗೆ ಯುಪಿಎಸ್‌ಸಿಯ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ, ಕೇಂದ್ರ ಅಂತರ್ಜಲ ಮಂಡಳಿಗೆ ಅದೇ ಬಾಗಿಲು. ರಾಜ್ಯದಲ್ಲಿ ಸಹಾಯಕ ಎಂಜಿನಿಯರ್ ಹುದ್ದೆಗೆ ಕೆಪಿಎಸ್‌ಸಿ. ಅಧಿಸೂಚನೆ ಬಂದ ಮೇಲೆ ಓದಲು ಶುರುಮಾಡುವವರಿಗೆ ಹಳ್ಳ ಹೊರೆಯಾಗಿ ಕಾಣುತ್ತದೆ. ದಿನಕ್ಕೆ ಒಂದೂವರೆ ಗಂಟೆಯಂತೆ ಮೊದಲ ಸೆಮಿಸ್ಟರ್‌ನಿಂದಲೇ ಇಟ್ಟುಕೊಂಡವರು ಎರಡನ್ನೂ ಮಾಡಿದ್ದನ್ನು ನೋಡಿದ್ದೇನೆ. ಮೌಖಿಕ ಪರೀಕ್ಷೆಯಲ್ಲಿ ಪ್ರಬಂಧದ ಬಗ್ಗೆ ಕೇಳಿದಾಗ ಕಾಲು ಗಂಟೆ ಅವರೇ ಮಾತನಾಡಬಹುದು, ಉಳಿದ ಪ್ರಶ್ನೆಗಳಿಗೆ ಸಮಯವೇ ಇರುವುದಿಲ್ಲ.

ಹೆಜ್ಜೆ 11: ಹಸ್ತಾಂತರ

ಪ್ರಬಂಧ ಒಪ್ಪಿಸಿದ ಮರುವಾರ ಮಾಡಬೇಕಾದ ಕೆಲಸ ಇದು, ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ. ಅಂಕಿಗಳನ್ನು ಟಿಪ್ಪಣಿ ಕಡತಗಳ ಸಮೇತ ಝೆನೋಡೋದಂಥ ತೆರೆದ ಭಂಡಾರದಲ್ಲಿ ಹಾಕಿ. ಇಲಾಖೆಯಿಂದ ಪಡೆದದ್ದನ್ನು ಬಿಟ್ಟು ನೀವೇ ಅಳೆದದ್ದನ್ನು ಮಾತ್ರ. ವರದಿಯ ಪ್ರತಿಯನ್ನು ಉಪವಿಭಾಗದ ಕಚೇರಿಗೆ ತಲುಪಿಸಿ ಮೊಹರು ಹಾಕಿಸಿಕೊಳ್ಳಿ. ಹೊಸದಾಗಿ ಸೇರಿದ ಒಬ್ಬ ಕಿರಿಯರನ್ನು ಹಳ್ಳಕ್ಕೆ ಕರೆದೊಯ್ಯಿರಿ. ಚಹಾ ಅಂಗಡಿಯವರಿಗೆ ಪರಿಚಯ ಮಾಡಿಸಿ, ಕೊಡಬೇಕಾದ ಬಾಕಿ ಚುಕ್ತಾ ಮಾಡಿ, ಹಳೆಯ ಡೈರಿ ಪಡೆದು ಹೊಸದನ್ನು ಕೊಡಿ. ಹೋಗುವಾಗ ಅರ್ಧ ಲೀಟರ್ ಬಿಳಿ ಬಣ್ಣ, ಒಂದು ಕುಂಚ ಒಯ್ಯಿರಿ. ಎರಡು ಮಳೆಗಾಲಕ್ಕೆ ಕಂಬದ ಕೆಳಗಿನ ಗೀಟುಗಳು ಅಳಿಸಿರುತ್ತವೆ.